ಹೊಸ್ತಿಲು ದಾಟದ ಒಳಅಟ್ಟೆ

ಕೃಷ್ಣಾಷ್ಟಮಿಯ ಸಂಜೆ ಹೊಸ್ತಿಲಿನಿಂದ ದೇವರ ಮನೆಯವರೆಗೆ ಬಾಲಕೃಷ್ಣನ ಹೆಜ್ಜೆ ಬಿಡಿಸುವವರಿಗೆ ಅಚ್ಚೂ ಬೇಡ, ಕುಂಚವೂ ಬೇಡ. ಅಕ್ಕಿ ಹಿಟ್ಟನ್ನು ನೀರಲ್ಲಿ ಕಲಸಿಕೊಂಡು, ಮುಷ್ಟಿ ಹಿಡಿದ ಕೈಯ ಕಿರುಬೆರಳಿನ ಕಡೆಯ ಅಂಚನ್ನು ಅದರಲ್ಲಿ ಅದ್ದಿ ನೆಲಕ್ಕೊತ್ತಿದರೆ ಒಂದು ಪುಟ್ಟ ಪಾದ ಮೂಡುತ್ತದೆ. ಬಲಗೈಯಿಂದ ಒಂದು, ಎಡಗೈಯಿಂದ ಇನ್ನೊಂದು. ತುದಿಗೆ ಬೆರಳಿನಿಂದ ಐದು ಚುಕ್ಕೆ. ಅದು ಪಾದ ಎಂದು ನೋಡಿದ ಕೂಡಲೇ ಗೊತ್ತಾಗುವುದು ಆ ಐದು ಚುಕ್ಕೆಗಳಿಂದಷ್ಟೇ ಅಲ್ಲ, ಒಳಬದಿಯಲ್ಲಿ ಬಳುಕಿದ ಆ ಗೆರೆಯಿಂದ. ಕೈಯಂಚು ನೆಲಕ್ಕೆ ತಾಗದೆ ಬಿಟ್ಟ ಜಾಗವೇ ಪಾದದ ಕಮಾನು.

ತೊಟ್ಟಿಲ ಕೂಸಿನ ಪಾದದಲ್ಲಿ ನಿಜಕ್ಕೂ ಆ ಬಳುಕು ಕಾಣುವುದಿಲ್ಲ. ಹುಟ್ಟಿದ ಮಗುವಿನ ಅಂಗಾಲಿನಲ್ಲಿ ಕೊಬ್ಬಿನ ಮೆತ್ತೆ ತುಂಬಿಕೊಂಡಿರುತ್ತದೆ, ಗಂಟುಗಳು ಸಡಿಲವಾಗಿರುತ್ತವೆ. ಮಗು ನಿಂತು, ಬಿದ್ದು, ಎದ್ದು, ಓಡಿ, ಗೋಡೆ ಹತ್ತಿ, ಮರಳಲ್ಲಿ ಆಡಿ ನಾಲ್ಕಾರು ವರ್ಷ ಕಳೆದ ಮೇಲೆ ಕಮಾನು ಮೆಲ್ಲಗೆ ಎದ್ದು ಬರುತ್ತದೆ. ಹೀಗೆ ದುಡಿದು ಎಬ್ಬಿಸಿಕೊಂಡ ಕಮಾನಿಗೆ ನಾವು ಈಗ ಅಂಗಡಿಯಿಂದ ಆಸರೆ ತಂದು ಕೊಡುತ್ತಿದ್ದೇವೆ.

ಆ ಆಸರೆಗೆ ಅಂಗಡಿಯಲ್ಲಿ ಇನ್‌ಸೋಲ್ ಎಂದು ಹೆಸರು. ಕನ್ನಡದಲ್ಲಿ ಚಪ್ಪಲಿಯ ತಳಕ್ಕೆ ಅಟ್ಟೆ ಎಂಬ ಒಳ್ಳೆಯ ಮಾತಿದೆ. ಶೂ ಒಳಗೆ ಹಾಸುವ ಇದನ್ನು ಒಳಅಟ್ಟೆ ಎನ್ನೋಣ. ಮೆಡಿಕಲ್ ಶಾಪಿನಲ್ಲಿ ಸಿಲಿಕೋನಿನ ಹಿಮ್ಮಡಿ ಮೆತ್ತೆ ಸಿಗುತ್ತದೆ. ಶೂ ಅಂಗಡಿಯಲ್ಲಿ ಜೆಲ್ ಹಾಳೆ, ಆನ್‌ಲೈನಿನಲ್ಲಿ ನಡುವೆ ಉಬ್ಬಿದ್ದು ಕಮಾನನ್ನು ಎತ್ತಿಹಿಡಿಯುವ ಗಟ್ಟಿ ಪ್ಲಾಸ್ಟಿಕ್ಕಿನದು ಸಿಗುತ್ತದೆ. ಪಾದದ ಅಳತೆ ತೆಗೆದು ಅವರವರಿಗೇ ಎಂದು ಮಾಡಿಕೊಡುವುದೂ ಉಂಟು. ನೋವಿನಿಂದ ಬಂದವರಿಗೆ ಇವುಗಳಿಂದ ಹಾಯೆನಿಸುವುದು ಸುಳ್ಳಲ್ಲ. ಆದರೆ ಪಾದಕ್ಕೆ ಹಾಯೆನಿಸುವುದು ಒಂದು, ಪಾದಕ್ಕೆ ಬಲ ಬರುವುದು ಇನ್ನೊಂದು. ಆಯ ತಪ್ಪದೆ ನಿಲ್ಲುವುದು ಮೂರನೆಯದು. ಈ ಮೂರೂ ಒಂದೇ ಪೊಟ್ಟಣದಲ್ಲಿ ಬರುತ್ತವೆ ಎಂದು ನಂಬಿದಲ್ಲೇ ತೊಡಕು.

ಮೈಸೂರಿನ ನಿವೃತ್ತ ಶಿಕ್ಷಕಿಯೊಬ್ಬರನ್ನು ನೋಡಿ. ಮೂವತ್ತೈದು ವರ್ಷ ಕರಿಹಲಗೆಯ ಮುಂದೆ ನಿಂತವರು. ಅರವತ್ತರ ಹೊತ್ತಿಗೆ ಬೆಳಿಗ್ಗೆ ಹಾಸಿಗೆಯಿಂದ ಇಳಿದರೆ ಹಿಮ್ಮಡಿ ಊರಲಾಗದ ನೋವು. ಮಗ ಒಳ್ಳೆಯ ಶೂ ತಂದ, ಅದರೊಳಗೆ ಕಮಾನಿನ ಒಳಅಟ್ಟೆ ಹಾಸಿಕೊಟ್ಟ. ಹದಿನೈದು ದಿನದಲ್ಲಿ ಕುಕ್ಕರಹಳ್ಳಿ ಕೆರೆಯ ಸುತ್ತ ನಡೆಯುವಷ್ಟು ಆರಾಮವಾಯಿತು. ಎರಡು ವರ್ಷ ಹಾಗೇ ನಡೆಯಿತು. ಆಷಾಢ ಶುಕ್ರವಾರ ಚಾಮುಂಡಿ ಬೆಟ್ಟದ ಸರದಿಯಲ್ಲಿ ಬರಿಗಾಲಲ್ಲಿ ಒಂದು ಗಂಟೆ ನಿಂತಾಗ ಮಾತ್ರ ಅವರಿಗೆ ಬೇರೆಯೇ ಸಂಗತಿ ತಿಳಿಯಿತು: ಕಲ್ಲು ಹಾಸಿನ ಮೇಲೆ ಕಾಲು ನಿಲ್ಲುತ್ತಿಲ್ಲ. ನೋವಲ್ಲ, ಸೋಲು. ಪಾದ ಒಳಕ್ಕೆ ಕುಸಿದು, ಮೊಣಕಾಲು ಒಳಕ್ಕೆ ವಾಲಿ, ಪಕ್ಕದವರ ಭುಜ ಹಿಡಿಯಬೇಕಾಯಿತು.

ಅಮೆರಿಕದಲ್ಲೋ ಬ್ರಿಟನ್ನಿನಲ್ಲೋ ಎಷ್ಟೋ ಜನ ಮನೆಯೊಳಗೂ ಶೂ ಹಾಕಿಕೊಂಡೇ ಓಡಾಡುತ್ತಾರೆ. ಅವರ ಒಳಅಟ್ಟೆ ದಿನವಿಡೀ ಅವರ ಜೊತೆಗಿರಬಹುದು. ನಮ್ಮದು ಹೊಸ್ತಿಲ ಹೊರಗೆ ಚಪ್ಪಲಿ ಬಿಡುವ ನಾಡು. ಮನೆ, ಗುಡಿ, ಛತ್ರ, ಮಸೀದಿ, ಬಂಧುಗಳ ಅಂಗಳ, ಎಲ್ಲ ಕಡೆಯೂ ಪಾದ ತನ್ನಷ್ಟಕ್ಕೇ ನಿಲ್ಲಬೇಕು. ಅದೂ ಈಗಿನ ಗ್ರಾನೈಟು, ಟೈಲ್ಸುಗಳ ಮೇಲೆ. ನಮ್ಮ ಒಳಅಟ್ಟೆ ಹೊಸ್ತಿಲು ದಾಟುವುದಿಲ್ಲ. ಆದ್ದರಿಂದ ಅದು ಪಾದವನ್ನು ಬಲಪಡಿಸುತ್ತದೆಯೋ ಸೋಮಾರಿ ಮಾಡುತ್ತದೆಯೋ ಎಂಬ ಪ್ರಶ್ನೆ ಬೇರೆಯವರಿಗಿಂತ ನಮಗೇ ಹೆಚ್ಚು ತಾಗುತ್ತದೆ.

ಈ ಪ್ರಶ್ನೆಗೆ ಒಂದು ಸುಳಿವು ನಮ್ಮ ಕರಾವಳಿಯಿಂದಲೇ ಜಗತ್ತಿಗೆ ಹೋಯಿತು. ಮಣಿಪಾಲದ ಕಸ್ತೂರ್ಬಾ ಮೆಡಿಕಲ್ ಕಾಲೇಜಿನ ಮೂಳೆ ವೈದ್ಯರಾದ ಯು. ಬಿ. ರಾವ್ ಮತ್ತು ಬೆಂಜಮಿನ್ ಜೋಸೆಫ್ ನಾಲ್ಕರಿಂದ ಹದಿಮೂರು ವರ್ಷದ 2,300 ಮಕ್ಕಳ ಹೆಜ್ಜೆ ಗುರುತು ಸಂಗ್ರಹಿಸಿ ಅಳೆದರು. ಕೃಷ್ಣಾಷ್ಟಮಿಯ ಹಿಟ್ಟಿನ ಹೆಜ್ಜೆಯಲ್ಲಿ ಕಣ್ಣು ಹುಡುಕುವ ಅದೇ ಬಳುಕನ್ನು ಅವರು ಅಳತೆಗೋಲಿನಿಂದ ಹುಡುಕಿದರು. 1992ರಲ್ಲಿ ಬ್ರಿಟನ್ನಿನ ಮೂಳೆ ಶಸ್ತ್ರಚಿಕಿತ್ಸೆಯ ಪ್ರಸಿದ್ಧ ಪತ್ರಿಕೆಯಲ್ಲಿ ಅದು ಅಚ್ಚಾಯಿತು. ಪಾದರಕ್ಷೆ ಹಾಕುವ ಮಕ್ಕಳಲ್ಲಿ 8.6 ಪ್ರತಿಶತ ಚಪ್ಪಟೆ ಪಾದದವರು. ಹಾಕದ ಮಕ್ಕಳಲ್ಲಿ 2.8 ಪ್ರತಿಶತ. ಹಾಕುವವರಲ್ಲೂ ಬೆರಳು ಮುಚ್ಚುವ ಶೂ ತೊಟ್ಟವರಲ್ಲಿ ಚಪ್ಪಟೆ ಪಾದ ಹೆಚ್ಚು, ಚಪ್ಪಲಿ ಸ್ಯಾಂಡಲ್ ಮೆಟ್ಟಿದವರಲ್ಲಿ ಕಡಿಮೆ.

ಜೋಸೆಫರು ಅಲ್ಲಿಗೇ ನಿಲ್ಲಿಸಲಿಲ್ಲ. ಮೂರು ವರ್ಷದ ನಂತರ ಇನ್ನೊಬ್ಬ ಸಹೋದ್ಯೋಗಿಯೊಡನೆ ನಡೆಸಿದ 1,846 ಮಂದಿ ಬೆಳೆದವರ ಪಾದಗಳ ಸಮೀಕ್ಷೆ ಬಂತು. ಆರು ವರ್ಷಕ್ಕೆ ಮೊದಲೇ ಶೂ ತೊಟ್ಟವರಲ್ಲಿ ಚಪ್ಪಟೆ ಪಾದ ಹೆಚ್ಚು, ಹದಿನಾರು ದಾಟಿದ ಮೇಲೆ ತೊಟ್ಟವರಲ್ಲಿ ಕಡಿಮೆ. ಸ್ಥೂಲ ಮೈಯೂ ಸಡಿಲ ಗಂಟುಗಳೂ ಇದರಲ್ಲಿ ಪಾಲು ಹೊಂದಿವೆ ಎಂಬುದನ್ನೂ ಅವರು ಮುಚ್ಚಿಡಲಿಲ್ಲ. ಚಪ್ಪಟೆ ಪಾದ ಎಂದ ಮಾತ್ರಕ್ಕೆ ಅದೊಂದು ಕಾಯಿಲೆಯೂ ಅಲ್ಲ; ಚಪ್ಪಟೆ ಪಾದದಲ್ಲೇ ಜೀವಮಾನವಿಡೀ ನೋವಿಲ್ಲದೆ ನಡೆದವರು ಲಕ್ಷಾಂತರ. ಹೀಗಿದ್ದೂ ಈ ಎರಡು ಸಮೀಕ್ಷೆಗಳು ಹೇಳಿದ ಮಾತು ಗಟ್ಟಿಯಾಗಿಯೇ ನಿಂತಿದೆ. ಕಮಾನು ಬೆಳೆಯುವ ವಯಸ್ಸಿನಲ್ಲಿ ಪಾದಕ್ಕೆ ನೆಲದ ಸಹವಾಸ ಬೇಕು. ನಮ್ಮ ಶಾಲೆಗಳಲ್ಲಿ ಎಲ್‌ಕೆಜಿ ಮಗುವಿಗೂ ಬೆಳಿಗ್ಗೆ ಎಂಟರಿಂದ ಮಧ್ಯಾಹ್ನದವರೆಗೆ ಬಿಗಿದ ಕಪ್ಪು ಶೂ, ಸಾಕ್ಸು. ತರಗತಿಯ ಬಾಗಿಲಲ್ಲಿ ಶೂ ಬಿಡಿಸಿ ಒಳಗೆ ಕೂರಿಸಿದರೆ ಶಿಸ್ತಿಗೆ ಏನೂ ಕುಂದಿಲ್ಲ. ಎಷ್ಟೋ ಹಳ್ಳಿ ಶಾಲೆಗಳಲ್ಲಿ ಇಂದಿಗೂ ಹಾಗೇ ನಡೆಯುತ್ತಿದೆ. ಪಟ್ಟಣದ ಶಾಲೆಗಳು ಕಲಿಯಬೇಕಾದ ಪಾಠವಿದು.

ಮಕ್ಕಳ ಚಪ್ಪಟೆ ಪಾದ ಕಂಡು ಹೆದರಿ ಒಳಅಟ್ಟೆ ಹಾಕಿಸುವ ತಂದೆತಾಯಿ ತಿಳಿಯಬೇಕಾದ ಇನ್ನೊಂದು ಅಧ್ಯಯನ ಅಮೆರಿಕದ ಸ್ಯಾನ್ ಡಿಯಾಗೋದಿಂದ 1989ರಲ್ಲಿ ಬಂತು. ಡೆನಿಸ್ ವೆಂಗರ್ ಮತ್ತು ಸಂಗಡಿಗರು ಮೃದುವಾದ ಚಪ್ಪಟೆ ಪಾದದ ಚಿಕ್ಕ ಮಕ್ಕಳನ್ನು ಗುಂಪು ಮಾಡಿ, ಕೆಲವರಿಗೆ ಸರಿಪಡಿಸುವ ಶೂ, ಕೆಲವರಿಗೆ ಅಚ್ಚು ಹಾಕಿದ ಒಳಅಟ್ಟೆ ಕೊಟ್ಟು, ಕೆಲವರಿಗೆ ಏನನ್ನೂ ಕೊಡದೆ ಮೂರು ವರ್ಷ ನೋಡಿದರು. ಎಲ್ಲ ಗುಂಪಿನ ಪಾದಗಳೂ ಹೆಚ್ಚುಕಡಿಮೆ ಒಂದೇ ಸಮ ಸುಧಾರಿಸಿದ್ದವು. ಬೆಳೆಸಿದ್ದು ಒಳಅಟ್ಟೆಯಲ್ಲ, ಕಾಲ.

ಈ ಪಾದವೆಂಬುದು ಎಂಥ ಕಟ್ಟೋಣ ಎಂದು ಒಮ್ಮೆ ಕೈಯಲ್ಲಿ ಹಿಡಿದು ನೋಡಬೇಕು. 26 ಮೂಳೆ, 33 ಗಂಟು. ಇವುಗಳನ್ನು ಹೆಣೆದು ಬಿಗಿದ ನೂರಕ್ಕೂ ಹೆಚ್ಚು ಸ್ನಾಯು, ನಾರು, ಹುರಿಗಳು. ಅಂಗಾಲಿನ ಸಣ್ಣ ಸ್ನಾಯುಗಳೇ ನಾಲ್ಕು ಪದರ. ಮಂಡಿಯ ಮೇಲೆ ಪಾದ ಇಟ್ಟುಕೊಂಡು ಹೆಬ್ಬೆರಳನ್ನು ಕೈಯಿಂದ ಮೇಲಕ್ಕೆತ್ತಿದರೆ ಅಂಗಾಲಿನ ನಡುವೆ ಒಂದು ಗಟ್ಟಿ ಹುರಿ ಸೆಟೆದೇಳುತ್ತದೆ; ಕಮಾನು ಕಣ್ಣೆದುರೇ ಎತ್ತರವಾಗುತ್ತದೆ. ಹಿಮ್ಮಡಿಯಿಂದ ಬೆರಳ ಬುಡದವರೆಗೆ ಹರಡಿದ ಪೊರೆಯೊಂದು ಬಾವಿಯ ರಾಟೆಗೆ ಹಗ್ಗ ಬಿಗಿದಂತೆ ಬೆರಳ ಬುಡದ ಮೂಳೆಗೆ ಸುತ್ತಿಕೊಂಡು ಬಿಗಿಯುವ ಬಗೆ ಇದು. ಜೆ. ಎಚ್. ಹಿಕ್ಸ್ ಎಂಬ ಬ್ರಿಟಿಷ್ ವೈದ್ಯರು 1954ರಲ್ಲಿ ಇದನ್ನು ವಿವರಿಸಿದರು. ನಾವು ಹೆಜ್ಜೆ ಕಿತ್ತಿಡುವಾಗಲೆಲ್ಲ ಹಿಮ್ಮಡಿ ಎದ್ದು ಬೆರಳು ಬಾಗಿ ಈ ಹಗ್ಗ ಬಿಗಿಯುತ್ತದೆ, ಮೆತ್ತಗಿದ್ದ ಪಾದ ಗಟ್ಟಿ ಸನ್ನೆಗೋಲಾಗುತ್ತದೆ.

ಉದ್ದದ ಕಮಾನಿನ ಜೊತೆ ಅಡ್ಡದ ಕಮಾನೂ ಇದೆ. ಕಾಗದದ ಹಾಳೆಯ ಒಂದು ತುದಿ ಹಿಡಿದರೆ ಅದು ಜೋತುಬೀಳುತ್ತದೆ. ಅಡ್ಡಕ್ಕೆ ಒಂಚೂರು ಬಾಗಿಸಿ ಹಿಡಿದರೆ ನೆಟ್ಟಗೆ ನಿಲ್ಲುತ್ತದೆ. ಪಾದವೂ ಹಾಗೇ. ಹಿಂದೆ ಬೆಂಗಳೂರಿನ ಜೀವವಿಜ್ಞಾನ ಸಂಶೋಧನಾ ಕೇಂದ್ರ ಎನ್‌ಸಿಬಿಎಸ್‌ನಲ್ಲಿದ್ದು ಆಮೇಲೆ ಯೇಲ್ ವಿಶ್ವವಿದ್ಯಾಲಯ ಸೇರಿದ ಮಧುಸೂದನ್ ವೆಂಕಟೇಶನ್ ಮತ್ತು ಸಂಗಡಿಗರು 2020ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ತೋರಿಸಿದ್ದು ಇದನ್ನೇ: ಪಾದದ ಬಿಗುವಿನಲ್ಲಿ ಶೇ. 40ಕ್ಕೂ ಹೆಚ್ಚು ಪಾಲು ಈ ಅಡ್ಡ ಕಮಾನಿನದು. ಮಾರುಕಟ್ಟೆಯ ಒಳಅಟ್ಟೆಗಳು ಹೆಚ್ಚಾಗಿ ಮಾತಾಡುವುದು ಉದ್ದದ ಕಮಾನಿನ ಬಗ್ಗೆ ಮಾತ್ರ.

ಇನ್ನು ನೇರ ಪ್ರಶ್ನೆಗೆ ಬರೋಣ. ಆಸರೆ ಕೊಟ್ಟರೆ ಸ್ನಾಯು ಸೊರಗುತ್ತದೆಯೇ?

ಕೆನಡಾದ ವಿಲ್ಫ್ರಿಡ್ ಲೋರಿಯರ್ ವಿಶ್ವವಿದ್ಯಾಲಯದ ಸ್ಟೀಫನ್ ಪೆರ‍್ರಿ ಮತ್ತು ಪ್ರೊಟೊಪಾಪಾಸ್ 2020ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ಹೌದು ಎನ್ನುವಂತಿದೆ. ಕೆಲವು ಯುವಜನರಿಗೆ ಅಳತೆಗೆ ಮಾಡಿಸಿದ ಒಳಅಟ್ಟೆ ಕೊಟ್ಟು 12 ವಾರ ತೊಡಿಸಿದರು. ಅಲ್ಟ್ರಾಸೌಂಡಿನಲ್ಲಿ ನೋಡಿದಾಗ ಅಂಗಾಲಿನ ಕೆಲವು ಸಣ್ಣ ಸ್ನಾಯುಗಳ ಗಾತ್ರ ಸುಮಾರು 10ರಿಂದ 17 ಪ್ರತಿಶತ ಇಳಿದಿತ್ತು. ಮೂರೇ ತಿಂಗಳಲ್ಲಿ! ಪರೀಕ್ಷೆಗೆ ಸಿಕ್ಕವರು ಬೆರಳೆಣಿಕೆಯ ಮಂದಿ. ಇದೊಂದನ್ನೇ ಹಿಡಿದು ತೀರ್ಪು ಕೊಡುವುದು ತಪ್ಪು. ಆದರೆ ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡು ಬಿಚ್ಚಿಸಿದವರಿಗೆ ಇದರಲ್ಲಿ ಅಚ್ಚರಿಯಿಲ್ಲ.

ಇದರ ಪಕ್ಕದಲ್ಲೇ ದಕ್ಷಿಣ ಕೊರಿಯಾದ ಒಂದು ಪ್ರಯೋಗವನ್ನು ಇಟ್ಟು ನೋಡಬೇಕು. 2011ರಲ್ಲಿ ಅಲ್ಲಿನ ಸಂಶೋಧಕರು ಚಪ್ಪಟೆ ಪಾದದವರಲ್ಲಿ ಒಂದು ಗುಂಪಿಗೆ ಬರೀ ಒಳಅಟ್ಟೆ ಕೊಟ್ಟರು, ಇನ್ನೊಂದಕ್ಕೆ ಒಳಅಟ್ಟೆಯ ಜೊತೆಗೆ ಅಂಗಾಲಿನ ವ್ಯಾಯಾಮವನ್ನೂ ಹೇಳಿಕೊಟ್ಟರು. ಎಂಟು ವಾರದಲ್ಲಿ ಹೆಬ್ಬೆರಳನ್ನು ಹೊರಕ್ಕೆಳೆಯುವ ಸ್ನಾಯು ಎರಡೂ ಗುಂಪಿನಲ್ಲಿ ಬೆಳೆದಿತ್ತು. ವ್ಯಾಯಾಮ ಸೇರಿದವರಲ್ಲಿ ಹೆಚ್ಚು ಬೆಳೆದಿತ್ತು. ಅಂದರೆ ಒಳಅಟ್ಟೆ ಪಾದದ ಶತ್ರುವಲ್ಲ. ಗೊನೆ ತೂಗುವ ಬಾಳೆಗೆ ಕವೆಗೋಲು ಕೊಡದಿದ್ದರೆ ಗಿಡವೇ ಮುರಿಯುತ್ತದೆ. ಕಂದು ನೆಟ್ಟ ದಿನವೇ ಯಾರೂ ಕವೆಗೋಲು ಕೊಡುವುದಿಲ್ಲ, ಕೊಟ್ಟ ಮೇಲೆ ನೀರು ಗೊಬ್ಬರ ನಿಲ್ಲಿಸುವುದೂ ಇಲ್ಲ.

ಹಿಮ್ಮಡಿ ನೋವಿನ ವಿಷಯದಲ್ಲೂ ಲೆಕ್ಕ ಹೀಗೇ ಬರುತ್ತದೆ. ಆಸ್ಟ್ರೇಲಿಯಾದಲ್ಲಿ ಕಾರ್ಲ್ ಲ್ಯಾಂಡಾರ್ಫ್ ಮತ್ತು ಸಂಗಡಿಗರು 130ಕ್ಕೂ ಹೆಚ್ಚು ಮಂದಿಗೆ ಮೂರು ಬಗೆಯ ಒಳಅಟ್ಟೆ ಕೊಟ್ಟರು: ಹೆಸರಿಗೆ ಮಾತ್ರದ ಮೆತ್ತನೆ ಹಾಳೆ, ಅಂಗಡಿಯ ಸಿದ್ಧ ಒಳಅಟ್ಟೆ, ಅಳತೆಗೆ ಮಾಡಿಸಿದ್ದು. ಮೂರು ತಿಂಗಳಿಗೆ ಆಸರೆ ಇದ್ದವರಿಗೆ ತುಸು ಮೇಲು. ವರ್ಷ ಕಳೆಯುವಷ್ಟರಲ್ಲಿ ಮೂರೂ ಗುಂಪು ಒಂದೇ. ಅಳತೆಗೆ ಮಾಡಿಸಿದ ದುಬಾರಿಯದು ಅಂಗಡಿಯದಕ್ಕಿಂತ ಮೇಲು ಎಂದೂ ಕಾಣಲಿಲ್ಲ. ಇದು 2006ರ ಮಾತು. ಸಾವಿರಾರು ರೂಪಾಯಿ ಕೊಟ್ಟು ಪಾದದ ಅಳತೆ ತೆಗೆಸುವ ಮುನ್ನ ಸಾಮಾನ್ಯ ಹಿಮ್ಮಡಿ ನೋವಿನವರು ಇದನ್ನು ನೆನೆಯಬೇಕು. ಡೆನ್ಮಾರ್ಕಿನ ಮೈಕೆಲ್ ರಾಥ್ಲೆಫ್ 2015ರಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋದರು. 48 ರೋಗಿಗಳು, ಎಲ್ಲರ ಶೂ ಒಳಗೂ ಹಿಮ್ಮಡಿ ಮೆತ್ತೆ. ಅರ್ಧದಷ್ಟು ಜನರಿಗೆ ಕಾಲನ್ನು ಎಳೆದು ಸಡಿಲಿಸುವ ವ್ಯಾಯಾಮ. ಉಳಿದವರು ಮೆಟ್ಟಿಲಂಚಿನಲ್ಲಿ ನಿಂತು, ಬೆರಳ ಕೆಳಗೆ ಸುತ್ತಿದ ಟವೆಲ್ ಇಟ್ಟುಕೊಂಡು, ದಿನ ಬಿಟ್ಟು ದಿನ ಹಿಮ್ಮಡಿ ಎತ್ತಿ ಇಳಿಸಬೇಕು. ಮೂರು ತಿಂಗಳಲ್ಲಿ ಭಾರ ಎತ್ತಿದ ಪಾದಗಳೇ ಮುಂದಿದ್ದವು. ವರ್ಷದ ಕೊನೆಗೆ ಎರಡೂ ಗುಂಪು ಸಮಕ್ಕೆ ಬಂದವು.

ಮೈಸೂರಿನ ಶಿಕ್ಷಕಿಗೆ ಈ ಹೆಸರುಗಳಾವುವೂ ಗೊತ್ತಿಲ್ಲ. ಅವರು ಹೋದದ್ದು ಬಡಾವಣೆಯ ಫಿಸಿಯೊಥೆರಪಿಸ್ಟ್ ಹುಡುಗಿಯ ಬಳಿಗೆ. ಆಕೆ ಶೂ ನೋಡಲೇ ಇಲ್ಲ. “ಅಮ್ಮಾ, ಒಂದು ಕಾಲ ಮೇಲೆ ನಿಂತ್ಕೊಳ್ಳಿ, ನಾನು ಪಕ್ಕದಲ್ಲೇ ಇದೀನಿ” ಎಂದಳು. ನಾಲ್ಕು ಎಣಿಸುವಷ್ಟರಲ್ಲಿ ಜೋಲಿ ಹೊಡೆಯಿತು. “ಈಗ ಬೆರಳುಗಳನ್ನ ಬೀಸಣಿಗೆ ಹಾಗೆ ಅಗಲ ಮಾಡಿ.” ಅವರು ಎಷ್ಟು ನೋಡಿದರೂ ಬೆರಳು ಅಲ್ಲಾಡಲಿಲ್ಲ. ಹುಬ್ಬು ಗಂಟಿಕ್ಕಿತು, ಕೈಬೆರಳು ಅಗಲವಾದವು, ಕಾಲ್ಬೆರಳು ಮಾತ್ರ ತಮ್ಮವಲ್ಲವೇನೋ ಎಂಬಂತೆ ಸುಮ್ಮನಿದ್ದವು. ಶಿಕ್ಷಕಿಯ ಕಣ್ಣಲ್ಲಿ ನೀರು ಬಂತು. ಮೂವತ್ತೈದು ವರ್ಷ ತಮ್ಮನ್ನು ಹೊತ್ತು ನಿಂತ ಅಂಗಗಳು ಹೇಳಿದ ಮಾತು ಕೇಳದ ಸ್ಥಿತಿಗೆ ಬಂದಿವೆ ಎಂಬ ಸಂಕಟ ಅದು.

ಬೆರಳ ಬಲಕ್ಕೂ ಬೀಳುವುದಕ್ಕೂ ಇರುವ ನಂಟು ಊಹೆಯಲ್ಲ. ಆಸ್ಟ್ರೇಲಿಯಾದ ಕ್ಯಾರೆನ್ ಮಿಕಲ್ ಮತ್ತು ಸಂಗಡಿಗರು ಅರವತ್ತು ದಾಟಿದ 312 ಮಂದಿಯ ಕಾಲ್ಬೆರಳ ಬಲ ಅಳೆದು, ಮುಂದಿನ ಒಂದು ವರ್ಷ ಅವರಲ್ಲಿ ಯಾರು ಬಿದ್ದರು ಎಂದು ಗುರುತು ಹಾಕಿಕೊಂಡರು. ಬಿದ್ದವರ ಬೆರಳುಗಳು ಬೀಳದವರ ಬೆರಳುಗಳಿಗಿಂತ ದುರ್ಬಲವಾಗಿದ್ದವು. ನಾವು ಮುಂದಕ್ಕೆ ವಾಲಿದಾಗ ಮೊದಲು ನೆಲ ಕಚ್ಚಿ ಹಿಡಿಯುವುದು ಬೆರಳುಗಳೇ. ಗದ್ದೆಯ ಬದುವಿನ ಮೇಲೆ ಹುಲ್ಲಿನ ಹೊರೆ ಹೊತ್ತು ನಡೆಯುವ ಹೆಂಗಸರ ಹೆಬ್ಬೆರಳು ಮಣ್ಣಿಗೆ ಒತ್ತುವುದನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆದರೆ ಆಯ ಎಂಬುದು ಬರೀ ಬಲದ ಮಾತಲ್ಲ, ಸುದ್ದಿಯ ಮಾತು. ಅಂಗಾಲಿನ ಚರ್ಮದಲ್ಲಿ ಒತ್ತಡ, ಎಳೆತ, ಅದುರುಗಳನ್ನು ಹಿಡಿಯುವ ನರತುದಿಗಳಿವೆ. ಭಾರ ಎಡಕ್ಕೆ ಸರಿಯಿತು, ನೆಲ ಇಳಿಜಾರು, ಕಲ್ಲು ಸಿಕ್ಕಿತು ಎಂಬ ಸುದ್ದಿ ಅಲ್ಲಿಂದ ಕ್ಷಣಕ್ಷಣವೂ ಮೇಲಕ್ಕೆ ಹೋಗುತ್ತದೆ. ಅಂಗಾಲಿಗೂ ನೆಲಕ್ಕೂ ನಡುವೆ ದಪ್ಪ ಮೆತ್ತೆ ಹಾಸಿದರೆ ಈ ಸುದ್ದಿ ಮಂಕಾಗುತ್ತದೆ. ಮಾಂಟ್ರಿಯಲ್ಲಿನ ಸ್ಟೀವನ್ ರಾಬಿನ್ಸ್ 1992ರಲ್ಲಿ ವಯಸ್ಸಾದ ಗಂಡಸರಿಗೆ ಬೇರೆಬೇರೆ ದಪ್ಪದ, ಬೇರೆಬೇರೆ ಮೆದುವಿನ ಅಟ್ಟೆಯ ಶೂ ತೊಡಿಸಿ ಕಿರಿದಾದ ತೊಲೆಯ ಮೇಲೆ ನಡೆಸಿದರು. ತೆಳ್ಳಗೆ ಗಟ್ಟಿಯಾಗಿದ್ದ ಅಟ್ಟೆಯಲ್ಲಿ ಕಾಲು ನಿಂತಿತು, ದಪ್ಪಗೆ ಮೆತ್ತಗಿದ್ದುದರಲ್ಲಿ ಆಯ ತಪ್ಪಿತು. ಹಾಸಿಗೆಯ ಮೇಲೆ ಒಂಟಿ ಕಾಲಲ್ಲಿ ನಿಂತು ನೋಡಿದರೆ ಇದು ಯಾರಿಗಾದರೂ ಗೊತ್ತಾಗುತ್ತದೆ.

ಅಥಣಿ, ನಿಪ್ಪಾಣಿ ಕಡೆ ಕೈಯಲ್ಲಿ ಹೊಲಿಯುವ ಕೊಲ್ಹಾಪುರಿ ಚಪ್ಪಲಿಯ ಅಟ್ಟೆ ನೆನಪಾಗುವುದು ಇಲ್ಲಿಯೇ. ತೆಳು, ಗಟ್ಟಿ, ಸಪಾಟು, ಹೆಬ್ಬೆರಳಿಗೊಂದು ಉಂಗುರ. ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳೂ ಸೇರಿ 2019ರಲ್ಲಿ ಇದಕ್ಕೆ ಭೌಗೋಳಿಕ ಸೂಚ್ಯಂಕದ ಮನ್ನಣೆ ಸಿಕ್ಕಿತು. ಆ ಚಪ್ಪಲಿ ಮೆಟ್ಟಿ ನಡೆಯುವಾಗ ಬೆರಳು ದುಡಿಯಲೇಬೇಕು.

ಒಳಅಟ್ಟೆಯಿಂದಲೇ ಆಯ ಹೆಚ್ಚಿಸುವ ದಾರಿಯೂ ಇದೆ ಎಂಬುದು ಕತೆಯ ಇನ್ನೊಂದು ಮಗ್ಗುಲು. ಸ್ನಾಯು ಸೊರಗುವುದನ್ನು ತೋರಿಸಿದ ಅದೇ ಪೆರ‍್ರಿ, ಅದಕ್ಕೂ ಮೊದಲು 2008ರಲ್ಲಿ, ಅಂಚಿನ ಸುತ್ತ ಸಣ್ಣ ಏಣು ಎಬ್ಬಿಸಿದ ಒಳಅಟ್ಟೆಯೊಂದನ್ನು 40 ಹಿರಿಯರಲ್ಲಿ ಪರೀಕ್ಷಿಸಿದ್ದರು. ಭಾರ ಪಾದದ ಅಂಚಿಗೆ ಸರಿದ ಕೂಡಲೇ ಏಣು ಚರ್ಮವನ್ನು ಒತ್ತಿ ಎಚ್ಚರಿಸುತ್ತದೆ. ಪಕ್ಕಕ್ಕೆ ವಾಲುವುದು ಕಡಿಮೆಯಾಯಿತು. 12 ವಾರ ಹಾಕಿಕೊಂಡ ಮೇಲೂ ಆ ಗುಣ ಉಳಿದಿತ್ತು. ಬಾಸ್ಟನ್ನಿನ ಜೇಮ್ಸ್ ಕಾಲಿನ್ಸ್ ಬಳಗ 2003ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಬರೆದದ್ದು ಅದುರುವ ಒಳಅಟ್ಟೆಯ ಬಗ್ಗೆ. ತೊಟ್ಟವರಿಗೇ ಗೊತ್ತಾಗದಷ್ಟು ಸಣ್ಣ ಅದುರು. ಅದರಿಂದ ಹಿರಿಯರ ಓಲಾಟ ತಗ್ಗಿತು. ಇವೆರಡೂ ಪಾದವನ್ನು ಮಲಗಿಸುವ ಒಳಅಟ್ಟೆಗಳಲ್ಲ, ಎಬ್ಬಿಸುವ ಒಳಅಟ್ಟೆಗಳು. ಅಂಗಡಿಯಲ್ಲಿ ಹೆಬ್ಬೆರಳಿನಿಂದ ಒತ್ತಿ ‘ಎಷ್ಟು ಮೆತ್ತಗಿದೆ’ ಎಂದು ಆರಿಸುವ ನಮ್ಮ ಅಭ್ಯಾಸ ತಲೆಕೆಳಗಾದದ್ದು ಎಂದು ಇವುಗಳಿಂದ ತಿಳಿಯಬೇಕು.

ಇಷ್ಟು ಹೇಳಿದ ಮೇಲೆ ಮೆತ್ತನೆಯ ಒಳಅಟ್ಟೆಯೇ ಪ್ರಾಣ ಉಳಿಸುವ ಪಾದಗಳ ಮಾತನ್ನು ಹೇಳದಿದ್ದರೆ ಅನ್ಯಾಯವಾಗುತ್ತದೆ. ಪಾಲ್ ಬ್ರ್ಯಾಂಡ್ ಎಂಬ ಶಸ್ತ್ರವೈದ್ಯರು 1946ರಲ್ಲಿ ವೆಲ್ಲೂರಿಗೆ ಬಂದಾಗ, ಕುಷ್ಠರೋಗ ಮಾಂಸವನ್ನೇ ತಿಂದುಹಾಕುತ್ತದೆ ಎಂದು ಎಲ್ಲರೂ ನಂಬಿದ್ದರು. ಬ್ರ್ಯಾಂಡ್ ರೋಗಿಗಳ ಜೊತೆ ಕೂತು, ಅವರ ದಿನಚರಿ ನೋಡಿ, ಬೇರೆಯದನ್ನೇ ಕಂಡರು. ರೋಗ ತಿನ್ನುವುದು ನರವನ್ನು. ನರ ಸತ್ತ ಅಂಗಾಲಿಗೆ ಮೊಳೆ ಚುಚ್ಚಿದರೂ ಗೊತ್ತಾಗದು, ಒಂದೇ ಜಾಗಕ್ಕೆ ಸಾವಿರ ಹೆಜ್ಜೆಯ ಒತ್ತಡ ಬಿದ್ದರೂ ಗೊತ್ತಾಗದು. ನೋವಿರುವ ಮನುಷ್ಯ ಕುಂಟಿ, ಕಾಲು ಬದಲಿಸಿ, ಕೂತು ತನ್ನನ್ನು ಕಾಪಾಡಿಕೊಳ್ಳುತ್ತಾನೆ. ನೋವಿಲ್ಲದವನ ಪಾದ ಹುಣ್ಣಾಗಿ, ಹುಣ್ಣು ಮೂಳೆಗಿಳಿದು ಪಾದವೇ ಹೋಗುತ್ತದೆ. ಇದಕ್ಕೆ ವೆಲ್ಲೂರು, ಅದರ ಹತ್ತಿರದ ಕರಿಗಿರಿಗಳಲ್ಲಿ ಕಂಡುಕೊಂಡ ಉತ್ತರ, ಸಣ್ಣಸಣ್ಣ ಗಾಳಿಗುಳ್ಳೆಗಳಿರುವ ಮೆದು ರಬ್ಬರಿನ ಒಳಅಟ್ಟೆ. ಇವತ್ತು ಊರೂರಿನಲ್ಲಿ ಎಂಸಿಆರ್ ಚಪ್ಪಲಿ ಎಂದು ಮಾರುವುದು ಇದರ ಸಂತತಿಯನ್ನೇ.

ಈಗ ಅದು ಹೆಚ್ಚಾಗಿ ಬೇಕಾಗಿರುವುದು ಸಕ್ಕರೆ ಕಾಯಿಲೆಯಿಂದ ಅಂಗಾಲಿನ ಸ್ಪರ್ಶ ಕಳೆದುಕೊಂಡವರಿಗೆ. ಹತ್ತು ಗ್ರಾಮಿನ ಒತ್ತಡಕ್ಕೆ ಬಾಗುವ ನೈಲಾನ್ ಎಳೆಯೊಂದನ್ನು ಅಂಗಾಲಿನ ಕೆಲವು ಕಡೆ ಮುಟ್ಟಿಸಿ, ಕಣ್ಣು ಮುಚ್ಚಿದ ರೋಗಿಗೆ ಅದು ತಿಳಿಯುತ್ತದೆಯೇ ಎಂದು ವೈದ್ಯರು ನೋಡುತ್ತಾರೆ. ಎರಡು ನಿಮಿಷದ ಪರೀಕ್ಷೆ. ತಿಳಿಯದ ಪಾದಕ್ಕೆ ‘ಬರಿಗಾಲಲ್ಲಿ ನಡೆದರೆ ಒಳ್ಳೆಯದು’ ಎಂಬ ಉಪದೇಶ ವಿಷ. ಅವರು ಮನೆಯೊಳಗೂ ಮೆತ್ತನೆ ಚಪ್ಪಲಿ ಹಾಕಲೇಬೇಕು. ಅವರಿಗಾಗಿ ಹೊಸ್ತಿಲ ನಿಯಮವನ್ನು ಮನೆಯವರೇ ಸಡಿಲಿಸಬೇಕು; ಒಳಗೆ ಓಡಾಡಲು ಬೇರೆಯೇ ಒಂದು ಜೊತೆ ತಂದಿಟ್ಟರೆ ಮಡಿಗೂ ಭಂಗವಿಲ್ಲ.

ಬರಿಗಾಲನ್ನು ಹಾಡಿ ಹೊಗಳುವವರು ಇನ್ನೊಂದನ್ನೂ ಮರೆಯಬಾರದು. ಈ ನಾಡಿನಲ್ಲಿ ಎಷ್ಟೋ ಜನ ಬರಿಗಾಲಲ್ಲಿ ನಡೆದದ್ದು ಪಾದದ ಆರೋಗ್ಯಕ್ಕಾಗಿ ಅಲ್ಲ. ಚಪ್ಪಲಿ ಹೊಲಿದ ಕೈಗಳಿಗೇ ಮೇಲುಜಾತಿಯವರ ಕೇರಿಯಲ್ಲಿ ಅದನ್ನು ಮೆಟ್ಟಿ ನಡೆಯುವ ಹಕ್ಕಿರಲಿಲ್ಲ. ಮುಳ್ಳು, ಗಾಜು, ಬಿಸಿಲಿಗೆ ಕಾದ ಡಾಂಬರು, ಹೊಲದ ಕೊಕ್ಕೆಹುಳು, ಇವೂ ಬರಿಗಾಲಿನ ಪಾಲಿಗೆ ಬಂದವೇ. ಆದ್ದರಿಂದ ಮಾತು ಚಪ್ಪಲಿ ಬಿಡುವುದರ ಬಗ್ಗೆ ಅಲ್ಲ, ಚಪ್ಪಲಿ ಬಿಟ್ಟಾಗಲೂ ನಿಲ್ಲಬಲ್ಲ ಪಾದವನ್ನು ಉಳಿಸಿಕೊಳ್ಳುವುದರ ಬಗ್ಗೆ.

ಹಾಗೆ ಉಳಿಸಿಕೊಳ್ಳಲು ವ್ಯಾಯಾಮಶಾಲೆ ಬೇಕಿಲ್ಲ. ಲಿವರ್‌ಪೂಲ್ ವಿಶ್ವವಿದ್ಯಾಲಯದ ತಂಡವೊಂದು 2021ರಲ್ಲಿ ತೋರಿಸಿದಂತೆ, ತೆಳು ಅಟ್ಟೆಯ ಸಾದಾ ಪಾದರಕ್ಷೆಯಲ್ಲಿ ಆರು ತಿಂಗಳು ದಿನನಿತ್ಯದ ಓಡಾಟ ನಡೆಸಿದ್ದಷ್ಟಕ್ಕೇ ಪಾದದ ಬಲ ಸರಾಸರಿ ಶೇ. 57ರಷ್ಟು ಏರಿತ್ತು. ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ ಹುಟ್ಟಿದ ಬಿ. ಕೆ. ಎಸ್. ಅಯ್ಯಂಗಾರ್ ಅವರು 1966ರ ತಮ್ಮ ಯೋಗ ಗ್ರಂಥದಲ್ಲಿ ಆಸನಗಳನ್ನು ಆರಂಭಿಸಿದ್ದು ತಾಡಾಸನದಿಂದ, ಅಂದರೆ ಸುಮ್ಮನೆ ನಿಲ್ಲುವುದರಿಂದ. ಜನ ಭಾರವನ್ನು ಒಂದು ಕಡೆಗೆ ಹಾಕಿ ನಿಲ್ಲುವುದು ಅವರ ಶೂಗಳ ಹಿಮ್ಮಡಿ ಸವೆದ ಬಗೆಯಲ್ಲೇ ತಿಳಿಯುತ್ತದೆ ಎಂಬುದನ್ನು ಅವರು ಅಲ್ಲಿಯೇ ಗುರುತಿಸಿದ್ದಾರೆ. ಚಪ್ಪಲಿ ಗೂಡಿನಿಂದ ಹಳೆಯ ಜೊತೆಯೊಂದನ್ನು ತೆಗೆದು ತಿರುಗಿಸಿ ನೋಡಿದರೆ ಸಾಕು, ಅವರ ಮಾತು ಕಣ್ಣಿಗೆ ಬೀಳುತ್ತದೆ.

ಮೈಸೂರಿನ ಶಿಕ್ಷಕಿ ಈಗ ಅಡುಗೆಮನೆಯಲ್ಲಿ ಫಿಲ್ಟರಿನಿಂದ ಡಿಕಾಕ್ಷನ್ ಇಳಿಯುವ ಹೊತ್ತಿಗೆ ಕಟ್ಟೆ ಹಿಡಿದು ಹಿಮ್ಮಡಿ ಎತ್ತಿ ಇಳಿಸುತ್ತಾರೆ. ಹಾಲು ಕಾಯುವಷ್ಟರಲ್ಲಿ ಒಂದು ಕಾಲು, ಆಮೇಲೆ ಇನ್ನೊಂದು. ಕೈ ಕಟ್ಟೆಯಿಂದ ಒಂದಂಗುಲ ದೂರದಲ್ಲಿ ಕಾವಲಿರುತ್ತದೆ. ಸಂಜೆ ಕುರ್ಚಿಯಲ್ಲಿ ಕೂತು, ಅಳಗುಳಿಮಣೆಯ ಗಜ್ಜುಗದ ಹದಿನಾಲ್ಕು ಕಾಯಿಗಳನ್ನು ಕೆಂಪು ಗಾರೆ ನೆಲದ ಮೇಲೆ ಚೆಲ್ಲಿಕೊಂಡು, ಕಾಲ್ಬೆರಳಿನಿಂದ ಒಂದೊಂದೇ ಎತ್ತಿ ಬಟ್ಟಲಿಗೆ ಹಾಕುತ್ತಾರೆ. ಮೊದಲ ವಾರ ಒಂದೂ ಎತ್ತಲಾಗಲಿಲ್ಲ. ಈಗ ಬಲಗಾಲು ಹದಿನಾಲ್ಕನ್ನೂ ಎತ್ತುತ್ತದೆ, ಎಡಗಾಲು ಇನ್ನೂ ಒಂಬತ್ತಕ್ಕೆ ನಿಂತಿದೆ. ಬೆರಳು ಮಡಚದೆ, ಹೆಬ್ಬೆರಳ ಬುಡವನ್ನು ಹಿಮ್ಮಡಿಯ ಕಡೆಗೆ ಎಳೆದು ಐದೆಣಿಸುವವರೆಗೆ ಹಿಡಿಯುವ ವ್ಯಾಯಾಮವೇ ಅವರಿಗೆ ಎಲ್ಲಕ್ಕಿಂತ ಕಷ್ಟ. ಹಾಗೆಳೆದಾಗ ಕಮಾನು ಎದ್ದು, ಪಾದ ಬೆಕ್ಕು ಬೆನ್ನೆತ್ತಿದಂತೆ ಗಿಡ್ಡವಾಗುತ್ತದೆ. ಕೆರೆಯ ದೂರದ ನಡಿಗೆಗೆ ಒಳಅಟ್ಟೆ ಇನ್ನೂ ಶೂ ಒಳಗಿದೆ. ಹಾಲಿನ ಅಂಗಡಿಗೆ ಹೋಗಿ ಬರಲು ಸಾದಾ ಚಪ್ಪಲಿ.

ನಿಮಗೆ ವೈದ್ಯರು ಒಳಅಟ್ಟೆ ಬರೆದುಕೊಟ್ಟರೆ ಚೀಟಿ ಮಡಚಿಕೊಂಡು ಎದ್ದುಬಿಡಬೇಡಿ. ಅಲ್ಲೇ ಕೂತು ಮೂರು ಮಾತು ಕೇಳಿ: ನನ್ನ ಅಂಗಾಲಿಗೆ ಸ್ಪರ್ಶ ಸರಿಯಾಗಿ ತಿಳಿಯುತ್ತಿದೆಯೇ, ಇದನ್ನು ಎಷ್ಟು ತಿಂಗಳು ಹಾಕಬೇಕು, ಜೊತೆಗೆ ಬೆರಳುಗಳಿಗೆ ಯಾವ ಕೆಲಸ ಕೊಡಬೇಕು.